ತೆಂಗಿನ ಸೀಮೆಯಲ್ಲಿ ಚಕ್ರದ ದನಿ

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಅಲುಗಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿತೇ ಎಂದು ಸದ್ದಿನಿಂದಲೇ ಅರಿಯುವ ಸೀಮೆ ತಿಪಟೂರು. ಅಲ್ಲಿಂದ ತುರುವೇಕೆರೆಗೆ ನಾವು ಸಕುಟುಂಬರಾಗಿ ಹಳೆಯ ಅಂಬಾಸಿಡರ್ ಕಾರಿನಲ್ಲಿ ಹೊರಟಿದ್ದೆವು. ತೋಟಗಳ ನಡುವೆ ಚಕ್ರದ ಕಡೆಯಿಂದ ಗುಂಯ್‌ಗುಡುವ ದನಿ ಕೇಳಿಬಂದಿತು. ಗೇರನ್ನು ನ್ಯೂಟ್ರಲ್‌ಗೆ ತಂದರೂ ಅದು ನಿಲ್ಲಲಿಲ್ಲ; ಎಂಜಿನ್ನಿನದಲ್ಲವೆಂದಾಯಿತು. ಬ್ರೇಕನ್ನು ಮೆಲ್ಲನೆ ಒತ್ತಿದರೂ ಬದಲಾಗಲಿಲ್ಲ. ಎಡತಿರುವಿನಲ್ಲಿ ಹೆಚ್ಚಿ, ಬಲತಿರುವಿನಲ್ಲಿ ಕುಗ್ಗಿತು. ತಿರುವಿನಲ್ಲಿ ಭಾರವು ಹೊರಬದಿಯ ಚಕ್ರದ ಮೇಲೆ ಬೀಳುವುದರಿಂದ ಬಲಚಕ್ರದ ಬೇರಿಂಗ್ ಸವೆದಿರಬೇಕೆಂದು ಊಹಿಸಿದೆವು. ನೊಣವಿನಕೆರೆಯಲ್ಲಿ ಮೆಕ್ಯಾನಿಕ್ ಜಾಕ್ ಏರಿಸಿ, ಬರಿಗೈಯಿಂದ ಚಕ್ರ ತಿರುಗಿಸಿ ಅದನ್ನೇ ದೃಢಪಡಿಸಿದರು. ಬೇರಿಂಗ್ ಒಡೆದರೆ ಚಕ್ರವೇ ಕಳಚಬಹುದು. ಒಳಗೆ ಹಿರಿಯರೂ ಮಕ್ಕಳೂ ಇದ್ದರು. 2014ರಲ್ಲಿಯೇ ತಯಾರಿಕೆ ನಿಂತ ಈ ಕಾರುಗಳು ಇಂದಿಗೂ ಓಡುತ್ತಿರುವುದು ಇಂತಹ ಕೈಗಳ ಕಾಯಕದಿಂದ. ಯಂತ್ರವೂ ಮುನ್ನೆಚ್ಚರಿಕೆ ನೀಡುತ್ತದೆ. ಆಲಿಸುವ ಕಿವಿ ನಮ್ಮಲ್ಲಿರಬೇಕು.