ಗುರಿ ತಪ್ಪಿದ್ದು ಯಾರದು?

ಹುಣಸೂರನ್ನು ದಾಟಿದ ಬಸ್ಸು ಆನೆಚೌಕೂರಿನ ಕಾಡನ್ನು ಹೊಕ್ಕೊಡನೆ ಪ್ರಯಾಣಿಕರ ಮಾತು ತಾನಾಗಿಯೇ ತಗ್ಗಿತು. ತಿತಿಮತಿಯನ್ನು ಕಳೆದು ಗೋಣಿಕೊಪ್ಪದಲ್ಲಿಳಿಯುವಾಗ ಮಳೆ ಸಣ್ಣಗೆ ಹನಿಯುತ್ತಿತ್ತು. ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರು ಕೊಡೆ ಹಿಡಿದು ಕಾದಿದ್ದರು. ಕೈಲ್ ಪೊಳ್ದಿಗೆ ತಮ್ಮ ಮನೆಗೆ ಬರಬೇಕೆಂದು ಮೂರು ವರ್ಷಗಳಿಂದ ಅವರ ಒತ್ತಾಯ.

ನಾಟಿ ಮುಗಿದು, ಗದ್ದೆಯ ಕೆಸರು ಕಾಲಿನಿಂದ ತೊಳೆದುಹೋದ ಮೇಲೆ, ಸೆಪ್ಟೆಂಬರಿನ ಮೊದಲ ದಿನಗಳಲ್ಲಿ ಬರುವ ಆಯುಧಗಳ ಹಬ್ಬ ಇದು. ನಡುಮನೆಯಲ್ಲಿ ತೂಗುದೀಪದ ಮುಂದೆ ಒಡಿಕತ್ತಿ, ಪೀಚೆಕತ್ತಿ, ಬಂದೂಕುಗಳನ್ನು ಒರಸಿ, ಎಣ್ಣೆ ಹಚ್ಚಿ ಇರಿಸಿದ್ದರು. ನಳಿಗೆಯ ಬಾಯಿಗೆ ಬೆಂಕಿಯ ನಾಲಿಗೆಯಂತಹ ಕೆಂಪು-ಹಳದಿ ಹೂವೊಂದನ್ನು ಸಿಕ್ಕಿಸಿದ್ದರು. ಅದರ ಹೆಸರು ತೋಕ್‌ಪೂ; ತೋಕ್ ಎಂದರೆ ಬಂದೂಕು, ಪೂ ಎಂದರೆ ಹೂವು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಜನ ಇವರು. ಇಂತಹ ಮನೆಯಲ್ಲಿ ಒಬ್ಬ ಹಿರಿಯನ ಕೈಯಿಂದ ಬಂದೂಕನ್ನು ಹಿಂತೆಗೆದುಕೊಳ್ಳುವುದೆಂದರೆ ಏನೆಂಬುದು ಆ ಮಧ್ಯಾಹ್ನ ನನಗೆ ಅರ್ಥವಾಯಿತು.

ಮಿತ್ರರ ತಂದೆಗೆ ಎಂಬತ್ತು ದಾಟಿದೆ. ನಳಿಗೆಯ ತುದಿಯ ಗುರಿಮುಳ್ಳು ಮಂಜಾಗಿ ಕಾಣತೊಡಗಿದ ಮೇಲೆ ಮಗ ಪಾಯಿಂಟ್ 22 ರೈಫಲ್ಲಿಗೆ ಒಂದು ಸ್ಕೋಪು, ಎಂದರೆ ದುರ್ಬೀನಿನಂತಹ ಗುರಿನಳಿಗೆಯನ್ನು, ತಂದು ಕೂರಿಸಿದ್ದರು. ಪೂಜೆಯಾಯಿತು, ಕಡಂಬುಟ್ಟು, ಪಂದಿಕರಿಯ ಊಟವಾಯಿತು. (ಸಸ್ಯಾಹಾರಿಯಾದ ನನಗೆ ಕಡಂಬುಟ್ಟಿನೊಡನೆ ಜೇನುತುಪ್ಪ ದೊರೆಯಿತು, ನಷ್ಟವೇನೂ ಆಗಲಿಲ್ಲ.) ಗದ್ದೆಯ ಆಚೆ, ಗುಡ್ಡವನ್ನು ಕಡಿದ ಎತ್ತರದ ಮಣ್ಣಿನ ಬರೆಯ ಮುಂದೆ, 50 ಗಜ ದೂರದಲ್ಲಿ ಕೋಲಿನ ಮೇಲೆ ತೆಂಗಿನಕಾಯಿ ನೆಟ್ಟರು. ಮೊದಲ ಗುಂಡು ಮನೆಯ ಯಜಮಾನರದು. ಅದು ಎಡಕ್ಕೆ ಹೋಯಿತು. ಅವರು ಸ್ಕೋಪಿನ ಗುಬುಟನ್ನು ನಾಲ್ಕು ಕ್ಲಿಕ್ ತಿರುಗಿಸಿದರು. ಎರಡನೆಯದು ಕೆಳಗೆ. ಮತ್ತೆ ತಿರುಗಿಸಿದರು. ಮೂರನೆಯದು ಎಲ್ಲಿಗೆ ಹೋಯಿತೋ ಮಣ್ಣಿನ ಬರೆಗೇ ಗೊತ್ತು.

ಯಾರೂ ನಗಲಿಲ್ಲ, ನಕ್ಕಿದ್ದರೆ ಒಳ್ಳೆಯದಿತ್ತು. ಸೊಸೆ ಮೆಲ್ಲನೆ, “ಸಾಕು ಮಾವ, ಒಳಗೆ ಬನ್ನಿ, ಚಳಿ” ಎಂದರು. “ಮುಂದಿನ ವರ್ಷದಿಂದ ನೀನೇ ಹೊಡಿ” ಎಂದು ಹಿರಿಯರು ರೈಫಲ್ಲನ್ನು ಮಗನ ಕೈಗಿತ್ತು ಜಗಲಿಯ ಮೂಲೆಯಲ್ಲಿ ಕುಳಿತರು.

ಊಟಕ್ಕೆ ಬಂದಿದ್ದ ನೆರೆಯ ತೋಟದವರು ಸೇನೆಯಲ್ಲಿ ಬಂದೂಕು ದುರಸ್ತಿಯ ಕೆಲಸದಲ್ಲಿದ್ದು ನಿವೃತ್ತರಾದವರು. ಅವರು ರೈಫಲ್ಲನ್ನು ತೆಗೆದುಕೊಂಡು, ಒಳಗೆ ತೋಟಾ ಇಲ್ಲವೆಂದು ಎರಡು ಬಾರಿ ನೋಡಿ, “ನಾಳೆ ಬೆಳಗ್ಗೆ ಬರುತ್ತೇನೆ ಅಣ್ಣ. ಅಲ್ಲಿಯವರೆಗೆ ಯಾರೂ ಈ ಗುಬುಟನ್ನು ಮುಟ್ಟಬಾರದು” ಎಂದು ಹೇಳಿ ಹೋದರು.

ಮರುದಿನ ಅವರು ಮಾಡಿದ ಮೊದಲ ಕೆಲಸ ನಳಿಗೆಯೊಳಗೆ ಒಣಬಟ್ಟೆ ಹಾಯಿಸಿದ್ದು. ಹಬ್ಬಕ್ಕೆಂದು ಹಚ್ಚಿದ ಎಣ್ಣೆ ಕಪ್ಪಾಗಿ ಹೊರಬಂತು. “ಎಣ್ಣೆ ತುಂಬಿದ ನಳಿಗೆಯ ಮೊದಲ ಗುಂಡುಗಳು ದಾರಿ ಬಿಡುತ್ತವೆ, ಮೇಷ್ಟ್ರೇ.” ಆಮೇಲೆ 25 ಗಜದಲ್ಲಿ ಕಾಗದ ಅಂಟಿಸಿ, ಜಗಲಿಯ ಕಲ್ಲುಕಟ್ಟೆಯ ಮೇಲೆ ಮರಳು ತುಂಬಿದ ಚೀಲವಿಟ್ಟು, ಅದರ ಮೇಲೆ ರೈಫಲ್ಲಿನ ಮರದ ಭಾಗವನ್ನು ಮಾತ್ರ ಊರಿದರು, ನಳಿಗೆ ಯಾವುದಕ್ಕೂ ತಾಗಬಾರದಂತೆ. ಒಂದೇ ಪೆಟ್ಟಿಗೆಯ ಐದು ತೋಟಾಗಳನ್ನು ಆರಿಸಿ, ಒಂದೇ ಕಪ್ಪು ಚುಕ್ಕೆಗೆ ಗುರಿಯಿಟ್ಟು ತಾವೇ ಹೊಡೆದರು. ಐದು ರಂಧ್ರಗಳೂ ಅಂಗೈಯಗಲ ಚದುರಿದ್ದವು.

ಅವರು ಕಾಗದವನ್ನು ಹಿರಿಯರ ಮುಂದೆ ಹಿಡಿದರು. “ನನ್ನ ಕಣ್ಣಿಗೇನೂ ಆಗಿಲ್ಲವಲ್ಲ ಅಣ್ಣ? ಗುಂಡುಗಳು ಒಂದೆಡೆ ಗುಂಪುಗೂಡಿ ಬೇರೆ ಕಡೆ ಬಿದ್ದರೆ ಗುಬುಟು ತಿರುಗಿಸಬೇಕು. ಹೀಗೆ ಚದುರಿದರೆ ತಿರುಗಿಸಬಾರದು. ಏನೋ ಸಡಿಲವಾಗಿದೆ ಎಂದೇ ಅರ್ಥ.”

ಸಡಿಲವಾಗಿದ್ದುದು ಸ್ಕೋಪನ್ನು ರೈಫಲ್ಲಿಗೆ ಬಿಗಿದಿದ್ದ ಹಿಂದಿನ ಬಳೆಯ ತಿರುಪು. ಕಣ್ಣಿಗೆ ಕಾಣದು, ಬೆರಳಿನಿಂದ ಅಲುಗಿಸಿದರೆ ಕೂದಲೆಳೆಯಷ್ಟು ಮಿಸುಕುತ್ತಿತ್ತು. ಕೂದಲೆಳೆಯೆಂದು ತಾತ್ಸಾರ ಮಾಡುವಂತಿಲ್ಲ. ಇಲ್ಲಿನ ಎಳೆ ಅಲ್ಲಿ ಅಂಗುಲಗಳಾಗುತ್ತದೆ. ತಿರುಪುಗಳನ್ನೆಲ್ಲ ಬಿಚ್ಚಿ, ಎಣ್ಣೆ ಒರಸಿ, ಒಂದೊಂದನ್ನೂ ಸ್ವಲ್ಪಸ್ವಲ್ಪವಾಗಿ ಸರದಿಯಂತೆ ಬಿಗಿದರು. ಈಗ ಅವರ ಐದು ಗುಂಡುಗಳನ್ನು ಒಂದು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಾಗಿತ್ತು.

ಆದರೆ ಹಿರಿಯರು ಹೊಡೆದಾಗ ರಂಧ್ರಗಳು ಮತ್ತೆ ಚದುರಿದವು. ಮೊದಲಿನಷ್ಟಲ್ಲ, ಆದರೂ ಚದುರಿದವು. ಜಗಲಿಯಲ್ಲಿ ಮತ್ತೆ ಅದೇ ಮೌನ. ಕಣ್ಣೇ ಹೋಗಿದೆಯೆಂದು ನಾನೂ ಮನಸ್ಸಿನಲ್ಲಿ ತೀರ್ಪು ಕೊಟ್ಟುಬಿಟ್ಟಿದ್ದೆನೆಂದು ಒಪ್ಪಿಕೊಳ್ಳಬೇಕು.

ನೆರೆಯವರು ಗುರಿಯನ್ನು ನೋಡಲಿಲ್ಲ, ಹಿರಿಯರ ಕೆನ್ನೆಯನ್ನು ನೋಡಿದರು. ಹಳೆಯ ಗುರಿಮುಳ್ಳಿಗಿಂತ ಸ್ಕೋಪು ಎತ್ತರದಲ್ಲಿರುತ್ತದೆ. ಆದ್ದರಿಂದ ಕೆನ್ನೆ ಮರಕ್ಕೆ ಒರಗದೆ ಗಾಳಿಯಲ್ಲಿ ತೇಲುತ್ತಿತ್ತು. ಕಣ್ಣು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿತ್ತು. ನನ್ನನ್ನು ಕರೆದು, ಚೀಲದ ಮೇಲೆ ಕದಲದೆ ಮಲಗಿದ್ದ ರೈಫಲ್ಲಿನ ಸ್ಕೋಪಿನಲ್ಲಿ ನೋಡುತ್ತ ತಲೆಯನ್ನು ಅತ್ತಿತ್ತ ಆಡಿಸಲು ಹೇಳಿದರು. ಆಶ್ಚರ್ಯ! ಬಂದೂಕು ನಿಂತಲ್ಲಿಯೇ ಇದ್ದರೂ ಅಡ್ಡಗೆರೆಗಳು ಕಾಗದದ ಮೇಲೆ ಹರಿದಾಡಿದವು. ಸ್ಕೋಪಿನ ಮಸೂರಗಳು 100 ಗಜಕ್ಕೆ ಹೊಂದಿಸಿದಂಥವು. ಹತ್ತಿರದ ಗುರಿಗೆ ಈ ದೋಷ ಕಾಣುತ್ತದಂತೆ. ಹತ್ತು ವರ್ಷಗಳಿಂದ ತರಗತಿಯಲ್ಲಿ ಪ್ಯಾರಲಾಕ್ಸಿನ ಪಾಠ ಹೇಳುತ್ತಿರುವ ನನ್ನ ಮಿತ್ರರು ತಲೆ ಕೆರೆದುಕೊಂಡರು. ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದ ಅರ್ಜುನನನ್ನು ದ್ರೋಣರು ಮೆಚ್ಚಿದ್ದು ನಮಗೆಲ್ಲ ಗೊತ್ತು. ನಿನ್ನ ಕೆನ್ನೆ ಎಲ್ಲಿದೆ ಮಗು ಎಂದು ಕೇಳುವ ಪ್ರಸಂಗ ಅವರಿಗೆ ಬರಲಿಲ್ಲ.

ಚಿಕಿತ್ಸೆ ಬಹಳ ಸುಲಭವಾಗಿತ್ತು. ಸೊಸೆ ತಂದ ಟವೆಲನ್ನು ಮಡಿಸಿ, ಕೆನ್ನೆ ಒರಗುವಲ್ಲಿ ಹುರಿಯಿಂದ ಕಟ್ಟಿದರು. ಹಿಂದಿನ ಮಸೂರವನ್ನು ಹಿರಿಯರ ಕನ್ನಡಕಕ್ಕೆ ಸರಿಯಾಗಿ ತಿರುಗಿಸಿ, ಅಡ್ಡಗೆರೆ ಮಸಿಯಂತೆ ಕಪ್ಪಾಗಿ ಕಾಣುವಂತೆ ಮಾಡಿದರು. ಹಿರಿಯರ ಮುಂದಿನ ಐದು ಗುಂಡುಗಳು ಒಟ್ಟಾಗಿ, ಚುಕ್ಕೆಯಿಂದ ಎರಡು ಅಂಗುಲ ಎಡಕ್ಕೆ, ಒಂದು ಅಂಗುಲ ಕೆಳಕ್ಕೆ ಬಿದ್ದವು. “ಈಗ ತಿರುಗಿಸಿ ಅಣ್ಣ” ಎಂದರು ನೆರೆಯವರು. ಅಲ್ಲಿಯೂ ಒಂದು ಲೆಕ್ಕವಿತ್ತು: ಒಂದು ಕ್ಲಿಕ್ಕಿಗೆ ಕಾಲು ಅಂಗುಲವೆಂದು ಗುಬುಟಿನ ಮೇಲೆ ಬರೆದಿರುವುದು 100 ಗಜಕ್ಕೆ, 25 ಗಜದಲ್ಲಿ ಅಂಗುಲಕ್ಕೆ 16 ಕ್ಲಿಕ್ ಬೇಕು. ನಿನ್ನೆಯ ನಾಲ್ಕು ಕ್ಲಿಕ್ಕುಗಳು ಯಾವ ಮೂಲೆಗೆ! 32 ಬಲಕ್ಕೆ, 16 ಮೇಲಕ್ಕೆ. ಹಿರಿಯರು ಬೆರಳಿನಿಂದ ಎಣಿಸುತ್ತ ತಾವೇ ತಿರುಗಿಸಿದರು.

ಕೋಲಿನ ಮೇಲೆ ಹೊಸ ಕಾಯಿ ಏರಿತು. ಮೊಮ್ಮಕ್ಕಳು ಜಗಲಿಗೆ ಓಡಿಬಂದರು. ಅವರು ಆತುರಪಡಲಿಲ್ಲ, ಕೆನ್ನೆಯನ್ನು ಟವೆಲಿಗೆ ಒರಗಿಸಿ ಕುದುರೆಯನ್ನು ಮೆಲ್ಲಗೆ ಒತ್ತಿದರು. ಟಪ್ಪೆಂಬ ಸಣ್ಣ ಸದ್ದು. 50 ಗಜದಾಚೆ ಕಾಯಿ ಅದುರಿ, ಪಕ್ಕದಿಂದ ನೀರು ಸಣ್ಣ ಧಾರೆಯಾಗಿ ಸುರಿಯಿತು.

ಮಕ್ಕಳ ಕೂಗಾಟ ಅಡಗಿದ ಮೇಲೆ ಹಿರಿಯರು ಸೊಸೆಯತ್ತ ತಿರುಗಿ, “ಎಳನೀರು ಹಾಳಾಯಿತು. ಇನ್ನೊಂದು ಇಡಿಸು ತಾಯಿ, ಬಲಿತದ್ದು” ಎಂದರು.