ಭಾರ ಹೊರುವ ಹಾದಿಗಳು

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಗುಂಬಝ್ ನೋಡಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದತ್ತ ಹೊರಟರೆ ದಾರಿಯನ್ನೂ ಗಮನಿಸಿ. ಕಬ್ಬು ಅರೆಯುವ ಕಾಲದಲ್ಲಿ ಇಲ್ಲಿ ಲಾರಿ, ಟ್ರ್ಯಾಕ್ಟರ್‌ಗಳ ಸಾಲು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು! ಡಾಂಬರು ಬಿರಿದು, ಬಿರುಕಿಗೆ ಮಳೆನೀರಿಳಿದು, ತಳದ ಜಲ್ಲಿ ಸಡಿಲಗೊಂಡು ಗುಂಡಿಯಾಗುತ್ತದೆ.

ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಇವರಿಗೆ ಉಳಿದದ್ದು ಸರ್ವಿಸ್ ರಸ್ತೆ, ಊರ ರಸ್ತೆಗಳೇ. ಅಲ್ಲಿನ ಗುಂಡಿಗೆ ಮೊದಲು ಬಲಿಯಾಗುವವರು ಸ್ಕೂಟರಿನ ಹಿಂದೆ ಮಗುವನ್ನೆತ್ತಿಕೊಂಡು ಕುಳಿತ ತಾಯಂದಿರು.

ದಾರಿಯಿಂದ ತೊಂದರೆಯನ್ನು ಸರಿಸುವುದೂ ಈಮಾನಿನ ಶಾಖೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಿತಿಮೀರಿದ ಹೊರೆಯೂ ಅಂತಹ ತೊಂದರೆಯೇ ಅಲ್ಲವೇ? ನಿಮ್ಮ ಮನೆಯಲ್ಲಿ ಲಾರಿ, ಟ್ರ್ಯಾಕ್ಟರ್ ಓಡಿಸುವವರಿದ್ದರೆ ಇದನ್ನು ಓದಿ ಹೇಳಿ.