ಅಜ್ಜಿಯ ಕಣ್ಣು, ನನ್ನ ಸೆಮಿನಾರು

ಆರನೇ ಸೆಮ್‌ನಲ್ಲಿ ನನಗೆ ಬಂದ ಸೆಮಿನಾರ್ ಟಾಪಿಕ್ಕು ಶಾಪರೋನ್ ಪ್ರೋಟೀನುಗಳು. ಬಯೋಟೆಕ್ ಅಲ್ಲದವರಿಗೆ ಎರಡು ಮಾತು: ಪ್ರೋಟೀನ್ ಅಂದ್ರೆ ಉದ್ದನೆಯ ಸರಪಳಿ, ಸರಿಯಾಗಿ ಮಡಚಿಕೊಂಡರೆ ಮಾತ್ರ ಕೆಲಸ ಮಾಡುತ್ತೆ. ಬಿಸಿಗೋ ವಯಸ್ಸಿಗೋ ಮಡಿಕೆ ಬಿಚ್ಚಿಕೊಂಡರೆ ಒಂದಕ್ಕೊಂದು ಅಂಟಿ ಗಂಟಾಗುತ್ತೆ. ಮೊಟ್ಟೆ ಬೆಂದಾಗ ಬಿಳಿಯಾಗೋದು ಹೀಗೇ. ಹಾಗೆ ಅಂಟದಂತೆ ಜೊತೆಗಿದ್ದು ಕಾಯೋದೇ ಶಾಪರೋನ್.

ಪಿಪಿಟಿ ಮಾಡ್ತಾ ಕೂತಿದ್ದು ಕುಂಬಾರಕೊಪ್ಪಲಿನ ಅಜ್ಜಿ ಮನೇಲಿ. ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ. ಡಾಕ್ಟ್ರು ಆಪರೇಷನ್ ಅಂದಿದ್ರು, ಅಜ್ಜಿಗೆ ಭಯ. “ಡ್ರಾಪ್ಸ್‌ನಲ್ಲಿ ಹೋಗಲ್ವೇನೋ ಮಗ?” ಅಂತ ಕೇಳ್ತು.

ನಾನು ಆಗಷ್ಟೇ ಓದಿದ್ದೆ: ಲ್ಯಾನೊಸ್ಟೆರಾಲ್ ಹನಿಗಳಿಂದ ನಾಯಿಗಳ ಪೊರೆ ತಿಳಿಯಾಯಿತು ಅಂತ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದಿತ್ತು. “ಸ್ವಲ್ಪ ಕಾಯಿ ಅಜ್ಜಿ, ಡ್ರಾಪ್ಸ್ ಬರುತ್ತೆ” ಅಂದುಬಿಟ್ಟೆ. ಅಮ್ಮ ಬೈದ್ರೂ ಅಜ್ಜಿ ಕೇಳಲಿಲ್ಲ. “ಇಂಜಿನಿಯರ್ ಓದ್ತಾವ್ನೆ, ಅವನಿಗೆ ಗೊತ್ತಿಲ್ವಾ?”

ಎರಡು ತಿಂಗಳಾದ ಮೇಲೆ, ಒಂದು ಸಂಜೆ, ಮುಂಬಾಗಿಲ ಮೆಟ್ಟಿಲು ಕಾಣದೆ ಅಜ್ಜಿ ಬಿತ್ತು. ಬಲಗೈ ಮಣಿಕಟ್ಟು ಮುರೀತು.

ಆ ರಾತ್ರಿ ನಿದ್ದೆ ಬರಲಿಲ್ಲ. ಪೇಪರುಗಳನ್ನ ಮತ್ತೆ ತೆಗೆದೆ, ಈ ಸಲ ಪೂರ್ತಿ ಓದಿದೆ. ಕಣ್ಣಿನ ಮಸೂರದ ಜೀವಕೋಶಗಳು ಪಾರದರ್ಶಕವಾಗೋಕೆ ತಮ್ಮ ನ್ಯೂಕ್ಲಿಯಸ್ಸನ್ನೇ ಕಳಕೊಳ್ಳುತ್ತವೆ. ಆಮೇಲೆ ಅಲ್ಲಿ ಹೊಸ ಪ್ರೋಟೀನ್ ಹುಟ್ಟಲ್ಲ. ಮಸೂರದ ನಡುಭಾಗದ ಪ್ರೋಟೀನುಗಳು ನಾವು ಹುಟ್ಟೋಕೆ ಮುಂಚಿನವು! ಅವನ್ನ ಕಾಯೋದು ಆಲ್ಫಾ ಕ್ರಿಸ್ಟಲಿನ್. ಅದು ಶಾಪರೋನ್ ಅಂತ 1992ರಲ್ಲಿ ಜೋಸೆಫ್ ಹಾರ್ವಿಟ್ಜ್ ತೋರಿಸಿದರು. ಕೆಟ್ಟ ಪ್ರೋಟೀನನ್ನ ಅದು ಹಿಡಿದುಕೊಳ್ಳುತ್ತೆ, ಆದರೆ ತಾನೊಂದೇ ರಿಪೇರಿ ಮಾಡಲಾರದು. ವಯಸ್ಸಾದಂತೆ ಆ ದಾಸ್ತಾನು ಮುಗೀತಾ ಬರುತ್ತೆ, ಆಮೇಲೆ ಗಂಟು ಕಟ್ಟುತ್ತೆ, ಬೆಳಕು ಚದುರುತ್ತೆ. ಅದೇ ಪೊರೆ. ಇದರ ಒಂದು ಬಗೆ, ಆಲ್ಫಾ-ಬಿ, ಹೃದಯ ಮತ್ತು ಸ್ನಾಯುಗಳಲ್ಲೂ ಇದೆ. ಅದರ 120ನೇ ಅಮೈನೋ ಆಮ್ಲ ಒಂದು ಬದಲಾದರೂ ಸಾಕು, ಪೊರೆಯ ಜೊತೆ ಸ್ನಾಯುರೋಗವೂ ಬರಬಹುದು.

ಲ್ಯಾನೊಸ್ಟೆರಾಲ್? ಆಪರೇಷನ್‌ನಲ್ಲಿ ತೆಗೆದ ಮನುಷ್ಯರ ಮಸೂರದ ಮೇಲೆ ಬೇರೆಯವರು ಪ್ರಯೋಗಿಸಿದಾಗ ಪೊರೆ ತಿಳಿಯಾಗಲಿಲ್ಲ. ಅದನ್ನ ನಾನು ಓದೇ ಇರಲಿಲ್ಲ. ಸುಟ್ಟ ಮಡಕೆ ಮತ್ತೆ ತಿಗರಿಗೆ ಬರಲ್ಲ ಅನ್ನೋದಕ್ಕೆ ಪೇಪರ್ ಯಾಕೆ, ನಮ್ಮೂರ ಹೆಸರೇ ಸಾಕಿತ್ತು.

ಬೆಳಗ್ಗೆ ಅಜ್ಜಿ ಹತ್ರ ಕೂತು, “ನಾನು ಹೇಳಿದ್ದು ತಪ್ಪು” ಅಂದೆ. ಊರೂರಲ್ಲಿ ಕ್ಯಾಂಪ್ ಹಾಕಿ, ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದ ನಮ್ಮ ಡಾ. ಎಂ.ಸಿ. ಮೋದಿ ಕತೆ ಹೇಳಿದೆ. “ಕಣ್ಣಿನ ಮೋದಿ ನಂಗೊತ್ತಿಲ್ವೇನೋ!” ಅಂತು.

ಕೈ ವಾಸಿಯಾದ ಮೇಲೆ ಮೊದಲು ಒಂದು ಕಣ್ಣಿಗೆ ಆಪರೇಷನ್ ಆಯ್ತು. ಬ್ಯಾಂಡೇಜ್ ಬಿಚ್ಚಿದ ದಿನ ಅಜ್ಜಿ ಮನೆಯೆಲ್ಲಾ ನೋಡಿ, “ಗೋಡೆ ಇಷ್ಟು ಕೊಳಕಾಗಿದ್ರೂ ಯಾರೂ ಹೇಳಲಿಲ್ವಲ್ಲ!” ಅಂತ ರೇಗಿತು. ಸುಣ್ಣ ಹೊಡೆಯೋ ಕೆಲಸ ನನಗೇ ಬಿತ್ತು. ಸೆಮಿನಾರ್‌ಗೆ ಎಷ್ಟು ಮಾರ್ಕ್ಸ್ ಬಂತು ಅಂತ ಮಾತ್ರ ಕೇಳಬೇಡಿ.